ಫ್ರಾಂಕೊ ಹೇಳಿದನೋ, ಹೇಳಿದರೋ? ಸ್ಪೇನಿನ ಅಂತರ್ಯುದ್ಧದ ನಾಯಕರಿಗೆ ಕನ್ನಡ ಪದಗಳು

ಎಲ್ಲರಿಗೂ ನಮಸ್ಕಾರ,

ಸ್ಪೇನಿನ ಅಂತರ್ಯುದ್ಧದ (1936–39) ನಾಯಕರ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಅಂತರ್ಯುದ್ಧ’ ಎಂಬ ಪದದ ಬಗ್ಗೆ ನನಗೆ ತಕರಾರಿಲ್ಲ. ಪೇಪರಿನಲ್ಲಿ ಅದೇ ರೂಢಿ. ‘ನಾಗರಿಕ ಯುದ್ಧ’ ಎಂದರೆ ಸಭ್ಯವಾಗಿ ಹೊಡೆದಾಡಿದರು ಅನ್ನಿಸುತ್ತದೆ. ತೊಡಕಿರುವುದು ಅಲ್ಲಿನ ಜನರನ್ನು ಕರೆಯುವುದರಲ್ಲಿ.

ಮೊದಲು ಕ್ರಿಯಾಪದದ ಬಾಲ ನೋಡಿ. 1936ರ ಜುಲೈ 17ರಂದು ಮೊರಾಕ್ಕೊದಲ್ಲಿದ್ದ ಸ್ಪೇನಿನ ಸೇನೆ ಚುನಾಯಿತ ಗಣರಾಜ್ಯ ಸರ್ಕಾರದ ವಿರುದ್ಧ ಎದ್ದಿತು. ಕೆನರಿ ದ್ವೀಪಗಳಲ್ಲಿದ್ದ ಜನರಲ್ ಫ್ರಾನ್ಸಿಸ್ಕೊ ಫ್ರಾಂಕೊ ವಿಮಾನ ಹತ್ತಿ ಅಲ್ಲಿಗೆ ಹೋದ. ‘ಹೋದ’ ಎಂದು ಕೈ ತಾನಾಗಿ ಬರೆಯಿತು. ಮುಂದಿನ ಸಾಲಿನಲ್ಲಿ ಆ ಗಣರಾಜ್ಯದ ಅಧ್ಯಕ್ಷ ಮನುವೆಲ್ ಅಸಾನ್ಯ ‘ಹೇಳಿದರು’ ಎಂದು ಅದೇ ಕೈ ಬರೆಯುತ್ತದೆ. ಇಂಗ್ಲಿಷಿನಲ್ಲಿ ಇಬ್ಬರೂ ‘ಹೀ’. ಕನ್ನಡದಲ್ಲಿ ಲೇಖಕ ಯಾರ ಕಡೆ ಅಂತ ಎರಡೇ ಸಾಲಿಗೆ ಗೊತ್ತಾಗಿಬಿಡುತ್ತದೆ.

ಅಶೋಕ, ಅಕ್ಬರ್, ನೆಪೋಲಿಯನ್ ಎಲ್ಲರಿಗೂ ನಾವು ಏಕವಚನ ಹಾಕುತ್ತೇವೆ, ಅದು ಅಗೌರವ ಅಲ್ಲ. ಕಾಲ ದೂರವಾದಷ್ಟೂ ಸಲುಗೆ ಜಾಸ್ತಿ. ಆದರೆ ಫ್ರಾಂಕೊ ಸತ್ತದ್ದು 1975ರಲ್ಲಿ, ನಮ್ಮಲ್ಲಿ ತುರ್ತುಪರಿಸ್ಥಿತಿ ಇದ್ದಾಗ. ಅಷ್ಟು ಹತ್ತಿರದವರಿಗೆ ಆ ಸಲುಗೆ ಹೊಂದುವುದಿಲ್ಲ. ಇಲ್ಲಿ ಏಕವಚನ ಎಂದರೆ ತೀರ್ಪು, ಹಿಟ್ಲರನಿಗೆ ಕೊಡುವಂಥದು. ಕೊಡಬೇಕಾದ ತೀರ್ಪೇ ಇರಬಹುದು, ಆದರೆ ಮೂಲ ಲೇಖಕರು ಅದನ್ನು ಬೇರೆ ಕಡೆ, ಕಾರಣ ಕೊಟ್ಟು ಹೇಳಿದ್ದಾರೆ. ನಾನು ಮೊದಲ ಸಾಲಿನಲ್ಲೇ ಬಾಲ ಹಚ್ಚಿ ಹೇಳುವುದು ಸರಿಯಾ? ಸದ್ಯಕ್ಕೆ ಎರಡೂ ಕಡೆಯವರಿಗೆ ಬಹುವಚನ ಎಂದು ಇಟ್ಟುಕೊಂಡಿದ್ದೇನೆ. ‘ಫ್ರಾಂಕೊ ಅವರು’ ಎಂದು ಬರೆಯುವಾಗ ಬಾಯಿ ಕಹಿಯಾಗುತ್ತದೆ, ಏನು ಮಾಡಲಿ.

ಈ ನಿಯಮ ಒಬ್ಬರ ಹತ್ತಿರ ಬಂದು ಎಡವುತ್ತದೆ. ಬ್ವೆನವೆಂತುರಾ ದುರುತಿ, ಫ್ರಾಂಕೊ ವಿರುದ್ಧ ಕಾದಿದ ಅರಾಜಕತಾವಾದಿಗಳ (ಯಾವ ಸರ್ಕಾರವೂ ಬೇಡ ಎನ್ನುವವರ) ಹೀರೊ, ಮೆಕ್ಯಾನಿಕ್ ಕೆಲಸ ಮಾಡಿಕೊಂಡಿದ್ದವನು. 1936ರ ನವೆಂಬರ್ 20ರಂದು ಮ್ಯಾಡ್ರಿಡ್‌ನಲ್ಲಿ ಗುಂಡೇಟಿನಿಂದ ಸತ್ತ. ಅವನ ದಳದಲ್ಲಿ ಸೆಲ್ಯೂಟ್ ಇಲ್ಲ, ಹುದ್ದೆಯ ಪಟ್ಟಿ ಇಲ್ಲ. ಅರಾಜಕತಾವಾದಿಗಳ ಬಾರ್ಸಿಲೋನಾದಲ್ಲಿ ಸ್ಪ್ಯಾನಿಷ್‌ನ ‘ತಾವು’ ಬಿಟ್ಟು ಎಲ್ಲರೂ ಎಲ್ಲರಿಗೂ ‘ನೀನು’ ಅನ್ನುತ್ತಿದ್ದರು. ಅಂಥವನಿಗೆ ‘ದುರುತಿ ಅವರು’ ಎಂದರೆ ಅವನೇ ಎದ್ದು ಬಂದು ಬೈದಾನು! ಇಲ್ಲಿ ಏಕವಚನವೇ ಮರ್ಯಾದೆ. ಆದರೆ ಒಬ್ಬನಿಗೆ ಮಾತ್ರ ಹಾಗೆ ಮಾಡಿದರೆ ಓದುವವರಿಗೆ ಅರ್ಥವಾಗುತ್ತದಾ?

ಇನ್ನು ಬಿರುದುಗಳು. ಸಂಚಿನ ತಲೆ ಎಮಿಲಿಯೊ ಮೋಲಾ ಅವರು ಪಾಂಪ್ಲೋನಾದಲ್ಲಿ ಕೂತು, ‘ಎಲ್ ದಿರೆಕ್ತೋರ್’ ಎಂಬ ಹೆಸರಿನಲ್ಲಿ ಗುಟ್ಟಿನ ಆದೇಶ ಕಳಿಸುತ್ತಿದ್ದರು. ‘ನಿರ್ದೇಶಕ’ ಎಂದು ಹಾಕಿದರೆ ಸಿನಿಮಾ ಆಗುತ್ತದೆ. ‘ಸೂತ್ರಧಾರ’ ಎಂದು ಹಾಕಿದ್ದೇನೆ. ಕ್ರೈಂ ಸುದ್ದಿಯವರು ದಿನಾ ಬಳಸುವ ಪದ, ಇಲ್ಲಿ ಚೆನ್ನಾಗಿ ಕೂತಿದೆ. ಊರೊಳಗೇ ಅಡಗಿರುವ ಶತ್ರುವಿನ ಬೆಂಬಲಿಗರಿಗೆ ಹೇಳುವ ‘ಐದನೇ ದಳ’ ಎಂಬ ಮಾತೂ ಇವರ ಹೆಸರಿಗೇ ಅಂಟಿಕೊಂಡಿದೆ: ನಾಲ್ಕು ದಳ ಮ್ಯಾಡ್ರಿಡ್‌ನತ್ತ ಹೊರಟಿವೆ, ಐದನೆಯದು ಊರೊಳಗೇ ಇದೆ, ಅಂತ.

ಈ ದಂಗೆಯ ಮುಖಂಡನಾಗಬೇಕಿದ್ದ ಜನರಲ್ ಸಾನ್‌ಹುರ್ಹೊ ಮೂರೇ ದಿನಕ್ಕೆ ವಿಮಾನ ಬಿದ್ದು ಸತ್ತರು. 1937ರ ಜೂನ್‌ನಲ್ಲಿ ಮೋಲಾ ಕೂಡ ಹಾಗೇ. ಅಷ್ಟರಲ್ಲಿ, 1936ರ ಅಕ್ಟೋಬರ್ 1ಕ್ಕೇ, ಬುರ್ಗೋಸ್ ಊರಿನಲ್ಲಿ ಫ್ರಾಂಕೊ ಅವರಿಗೆ ಪಟ್ಟ ಕಟ್ಟಿಯಾಗಿತ್ತು: ಹೆನೆರಲೀಸಿಮೊ. ಇದಕ್ಕೆ ‘ಮಹಾದಂಡನಾಯಕ’ ಒಪ್ಪುತ್ತದೆ. ಹೊಯ್ಸಳರ ಗಂಗರಾಜ ಎದ್ದು ಬಂದ ಹಾಗಿದ್ದರೂ ಪರವಾಗಿಲ್ಲ, ಅಲ್ಲೂ ಗತ್ತು ಬೇಕಿದ್ದದ್ದೇ.

ನಿಜವಾದ ತಲೆನೋವು ಫ್ರಾಂಕೊ ಅವರ ಇನ್ನೊಂದು ಬಿರುದು, ‘ಕೌದಿಯೊ’, ಸುಮಾರಾಗಿ ‘ನಾಯಕ’ ಅಂತ. ಮುಂದೆ ಸ್ಪೇನಿನ ನಾಣ್ಯದ ಮೇಲೂ ‘ದೇವರ ದಯೆಯಿಂದ ಸ್ಪೇನಿನ ಕೌದಿಯೊ’ ಎಂದು ಫ್ರಾಂಕೊ ಹೆಸರು ಅಚ್ಚಾಯಿತು. ಹಾಗೇ ಬಿಡೋಣ ಎಂದರೆ ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಹೊದೆಯುವ ಕೌದಿ ನೆನಪಾಗಿ ನಗು ಬರುತ್ತದೆ. ‘ಪಾಳೆಗಾರ’ ಹಾಕಬಹುದಾ? ಲ್ಯಾಟಿನ್ ಅಮೆರಿಕದ ಹಳೆಯ ಕೌದಿಯೊಗಳಿಗಾದರೆ ಸೈ. ಅವರಿಗೆ ಸ್ವಂತ ಜಮೀನು, ಸ್ವಂತ ಕುದುರೆ ದಂಡು ಇತ್ತು. ಫ್ರಾಂಕೊ ಸಂಬಳದ ಸೈನ್ಯಾಧಿಕಾರಿ. ಜೊತೆಗೆ ಮದಕರಿ ನಾಯಕನ ಅಭಿಮಾನಿಗಳು ನನ್ನನ್ನು ಬಿಡುವುದಿಲ್ಲ. ‘ಸರ್ವಾಧಿಕಾರಿ’ ಎಂಬುದು ವಿರೋಧಿಗಳ ಮಾತು, ಯಾರೂ ತಮ್ಮ ನಾಣ್ಯದ ಮೇಲೆ ಅದನ್ನು ಕೆತ್ತಿಸುವುದಿಲ್ಲ. ಕೌದಿಯೊ ಪದದ ಬೇರು ಲ್ಯಾಟಿನ್‌ನ ‘ತಲೆ’. ಹಾಗಾಗಿ ‘ತಲೆಯಾಳು’ ಎಂದು ಯೋಚಿಸಿದೆ. ಅರ್ಥ ಸರಿ, ಆದರೆ ಭಯ ಹುಟ್ಟಿಸುವುದಿಲ್ಲ.

ಎರಡು ಪಕ್ಷಗಳ ಹೆಸರೂ ಕಾಡುತ್ತಿದೆ. ಫ್ರಾಂಕೊ ಕಡೆಯವರು ತಮ್ಮನ್ನು ‘ನಸ್ಯೊನಾಲೆಸ್’ ಎಂದು ಕರೆದುಕೊಂಡರು. ‘ರಾಷ್ಟ್ರೀಯವಾದಿ’ ಎಂದರೆ ನಮ್ಮ ಕಿವಿಗೆ ಖಾದಿ, ಜೈಲು, ಉಪ್ಪಿನ ಸತ್ಯಾಗ್ರಹ. ಲೇಖನದಲ್ಲೇ ಒಂದು ಕಡೆ ಬರುತ್ತದೆ: 1938ರಲ್ಲಿ ನೆಹರೂ, ಕೃಷ್ಣ ಮೆನನ್ ಜೊತೆ ಬಾರ್ಸಿಲೋನಾಕ್ಕೆ ಹೋಗಿ ಗಣರಾಜ್ಯದ ಬೆನ್ನಿಗೆ ನಿಂತರು. ‘ಭಾರತದ ರಾಷ್ಟ್ರೀಯವಾದಿ ನಾಯಕ ರಾಷ್ಟ್ರೀಯವಾದಿಗಳನ್ನು ವಿರೋಧಿಸಿದರು’ ಎಂದು ಬರೆದರೆ ಸಂಪಾದಕರು ಫೋನ್ ಮಾಡುವುದು ಗ್ಯಾರಂಟಿ. ‘ಬಂಡಾಯಗಾರರು’ ಅನ್ನೋಣ ಎಂದರೆ ನರಗುಂದ, ಬಂಡಾಯ ಸಾಹಿತ್ಯ ಎಲ್ಲ ನೆನಪಾಗುತ್ತವೆ. ಬಂಡಾಯ ಕೆಳಗಿನಿಂದ ಏಳುವುದು, ಜನರಲ್‌ಗಳು ಏಳುವುದಲ್ಲ. ‘ದಂಗೆಕೋರ’ ಸ್ವಲ್ಪ ಹತ್ತಿರ. ಸುಮ್ನೆ ‘ಫ್ರಾಂಕೊ ಪಡೆ’, ‘ಗಣರಾಜ್ಯ ಪಡೆ’ ಎಂದು ಮುಗಿಸುವುದೇ ಮೇಲು ಅನ್ನಿಸುತ್ತಿದೆ.

ಕೊನೆಯದಾಗಿ, ದೊಲೊರೆಸ್ ಇಬಾರುರಿ. ಬಾಸ್ಕ್ ನಾಡಿನ ಗಣಿ ಕೆಲಸದವರ ಮಗಳು, ಕಮ್ಯುನಿಸ್ಟ್ ನಾಯಕಿ. 1936ರ ಜುಲೈ 19ರಂದು ರೇಡಿಯೊದಲ್ಲಿ ‘ನೋ ಪಸರಾನ್’, ಅಂದರೆ ‘ಅವರು ದಾಟಲಾರರು’ ಎಂದವರು. ಅವರ ಅಡ್ಡಹೆಸರು ‘ಲಾ ಪಸಿಯೊನಾರಿಯಾ’. ಇದನ್ನು ‘ಭಾವಾವೇಶದ ಹೆಣ್ಣು’ ಎಂದು ಮಾಡಿದರೆ ಕೆಟ್ಟಿತು. ಅದೊಂದು ಹೂವಿನ ಹೆಸರು. ಯೇಸು ಶಿಲುಬೆಗೇರಿದ್ದನ್ನು ನೆನೆಯುವ ವಾರದಲ್ಲಿ ಗಣಿಯವರ ಪತ್ರಿಕೆಗೆ ಬರೆದಾಗ ಅವರೇ ಇಟ್ಟುಕೊಂಡದ್ದು. ಅದೇ ಜಾತಿಯ ಹೂವಿಗೆ ನಮ್ಮಲ್ಲಿ ಕೃಷ್ಣಕಮಲ ಅನ್ನುತ್ತಾರೆ. ಕೌರವ-ಪಾಂಡವ ಹೂ ಅನ್ನುವುದೂ ಉಂಟು: ಸುತ್ತಲಿನ ಎಳೆಗಳು ನೂರು ಕೌರವರು, ಒಳಗಿನ ಐದು ಪಾಂಡವರು. ದಾಯಾದಿಗಳ ಕಾಳಗದ ಹೆಸರೇ ಅಲ್ಲಿ ಕೂತಿದೆ, ಆದರೂ ಮನುಷ್ಯರ ಅಡ್ಡಹೆಸರಾಗಿ ಅದು ಬಾಯಿಗೆ ಹತ್ತುವುದಿಲ್ಲ. ನಿಮ್ಮ ಕಡೆ, ಕರಾವಳಿಯಲ್ಲೋ ಮಲೆನಾಡಿನಲ್ಲೋ, ಈ ಹೂವಿಗೆ ಬೇರೆ ಚಿಕ್ಕ ಹೆಸರೇನಾದರೂ ಇದೆಯಾ? ಇದ್ದರೆ ತಿಳಿಸಿ.