ಡ್ಯುನೆಡಿನ್‌ನಲ್ಲಿ ನೆಲೆಸಿರುವವರಿಗೊಂದು ಪ್ರಶ್ನೆ: ಕಡಲತೀರದ ಜೀವಿಗಳನ್ನೂ ಮಾವೊರಿ ಆಚರಣೆಗಳನ್ನೂ ಕಾಣುವ ಬಗೆ

ದಕ್ಷಿಣವಾಸಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ನಾವು ನ್ಯೂಜಿಲೆಂಡಿನ ಡ್ಯುನೆಡಿನ್‌ಗೆ ಬಂದು ಏಳು ತಿಂಗಳಾಯಿತು. ಇನ್ನೆರಡು ವರ್ಷ ಇಲ್ಲಿಯೇ ಇರುವವರಾದ್ದರಿಂದ ಪ್ರವಾಸಿಗರ ಅವಸರ ನಮಗಿಲ್ಲ. ಕಳೆದ ವಾರ ಒಟಾಗೊ ಪರ್ಯಾಯದ್ವೀಪದ ಕಡಲತೀರವೊಂದರಲ್ಲಿ ಸಂಜೆ ಮಕ್ಕಳೊಂದಿಗೆ ಅಡ್ಡಾಡುತ್ತಿದ್ದಾಗ, ಹಳದಿ ಕಣ್ಣಿನ ಪೆಂಗ್ವಿನ್ ಒಂದು ಅಲೆಯಿಂದ ಹೊರಬಂದು, ನಾಲ್ಕು ಹೆಜ್ಜೆ ಇಟ್ಟು, ನಮ್ಮನ್ನು ಕಂಡೊಡನೆ ನಿಂತು, ಮತ್ತೆ ನೀರಿಗೆ ಇಳಿದುಬಿಟ್ಟಿತು. ಅದು ಮತ್ತೆ ಬಂದೀತೆಂದು ನಾವು ಅರ್ಧ ಗಂಟೆ ಅಲ್ಲಿಯೇ ಕಾದೆವು. ಆ ದಾರಿಯಾಗಿ ಬಂದ ಹಿರಿಯರೊಬ್ಬರು, ನಾವು ಕಾಯುತ್ತಿರುವುದರಿಂದಲೇ ಅದು ಬರುತ್ತಿಲ್ಲವೆಂದು ಮೆಲ್ಲಗೆ ತಿಳಿಸಿದಾಗ ಬಹಳ ನಾಚಿಕೆಯಾಯಿತು.

ಇನ್ನೊಂದು ವಿಷಯ. ಮಕ್ಕಳ ಶಾಲೆಯವರು ಪಾಲಕರನ್ನೂ ಸೇರಿಸಿಕೊಂಡು ಮರಾಯೆಗೆ, ಅಂದರೆ ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಸಮುದಾಯದ ಸಭಾಂಗಣಕ್ಕೆ, ಕರೆದೊಯ್ಯಲಿದ್ದಾರೆ. ಅಲ್ಲಿ ನಡೆದುಕೊಳ್ಳಬೇಕಾದ ರೀತಿ ಹೇಗೆ? ಪ್ರತಿ ಏಪ್ರಿಲ್‌ನಲ್ಲಿ ತೀತೀ ಎಂಬ ಕಡಲಹಕ್ಕಿಯ ಬೇಟೆಗೆಂದು ದಕ್ಷಿಣದ ದ್ವೀಪಗಳಿಗೆ ಹೋಗುವ ನನ್ನ ಸಹೋದ್ಯೋಗಿಯೊಬ್ಬರ ಜೊತೆ ನಾನೂ ಹೋಗಬಹುದೇ?

ತೀರದ ನಡಿಗೆ (ಉತ್ತರ):

ನಾಚಿಕೆ ಪಡಬೇಡಿ, ಒಂಬತ್ತು ವರ್ಷಗಳ ಹಿಂದೆ ನಾನೂ ಇದೇ ತಪ್ಪು ಮಾಡಿದ್ದೆ. ಮಾವೊರಿಯಲ್ಲಿ ಹೊಯಿಹೊ ಎನ್ನುವ ಈ ಪೆಂಗ್ವಿನ್, ಜಗತ್ತಿನ ಅತ್ಯಂತ ಅಪರೂಪದ ಪೆಂಗ್ವಿನ್‌ಗಳಲ್ಲಿ ಒಂದು. ನಿಮ್ಮ ಜೇಬಿನ ಐದು ಡಾಲರ್ ನೋಟಿನ ಮೇಲೂ ಅದರ ಚಿತ್ರವಿದೆ. ಹಗಲೆಲ್ಲ ಕಡಲಿನಲ್ಲಿ ಮೀನು ಹಿಡಿದು ಸಂಜೆ ಮರಿಗಳಿಗೆ ಉಣಿಸಲು ಬರುವ ಅದು, ದಂಡೆಯಲ್ಲಿ ಮನುಷ್ಯರಿದ್ದರೆ ನೀರಿನಲ್ಲೇ ಉಳಿಯುತ್ತದೆ, ಅಷ್ಟು ಹೊತ್ತೂ ಮರಿಗಳು ಉಪವಾಸವಿರುತ್ತವೆ. ಆದ್ದರಿಂದ ಸಂಜೆ ದಂಡೆಗೆ ಇಳಿಯದೆ, ಮರೆಯ ವ್ಯವಸ್ಥೆ ಇರುವ ಕಡೆಗಳಲ್ಲಿ ಮಾತ್ರ ಅದನ್ನು ನೋಡಿ. ಬೇಸಿಗೆಯ ಕೊನೆಯಲ್ಲಿ ಗರಿ ಉದುರಿಸುವ ಮೂರು ನಾಲ್ಕು ವಾರ ಅದು ನೀರಿಗಿಳಿಯಲಾರದೆ, ಏನನ್ನೂ ತಿನ್ನದೆ, ಕೆದರಿದ ದಿಂಬಿನಂತೆ ಒಂದೇ ಕಡೆ ನಿಂತಿರುತ್ತದೆ. ಕಾಯಿಲೆಯೆಂದು ಭಾವಿಸಿ ಹತ್ತಿರ ಹೋಗಬೇಡಿ.

ಕಡಲಸಿಂಹಗಳಿಂದ ಕನಿಷ್ಠ 20 ಮೀಟರ್ ದೂರವಿರಿ, ಅವುಗಳಿಗೂ ನೀರಿಗೂ ನಡುವೆ ಎಂದಿಗೂ ನಿಲ್ಲಬೇಡಿ. ಒಂದೂವರೆ ಶತಮಾನದ ಬಳಿಕ ಇಲ್ಲಿ ಅವು ಮತ್ತೆ ಮರಿ ಹಾಕತೊಡಗಿದ್ದೇ 1993ರ ಬೇಸಿಗೆಯಲ್ಲಿ. 2021ರಲ್ಲಿ ಒಂದು ತಾಯಿ ಮತ್ತು ಮರಿಗಾಗಿ ಕಡಲಂಚಿನ ರಸ್ತೆಯೊಂದನ್ನು ಸುಮಾರು ಒಂದು ತಿಂಗಳು ಮುಚ್ಚಿದ್ದರು. ಊರಿನವರು ಸುತ್ತುಹಾದಿಯಲ್ಲಿ ಓಡಾಡಿದರು.

ನಿಮಗೆ ನಿಜಕ್ಕೂ ಹೇಳಬೇಕೆನಿಸುವುದು ಪುಕೆಕುರಾ, ಅಂದರೆ ತಾಯ್‌ರೋವಾ ಭೂಶಿರದ ಬಗ್ಗೆ. ಮನುಷ್ಯರು ವಾಸಿಸುವ ಮುಖ್ಯ ದ್ವೀಪಗಳ ಪೈಕಿ ರಾಯಲ್ ಆಲ್ಬಟ್ರಾಸ್ ಗೂಡು ಕಟ್ಟುವ ಜಾಗ ಇದೊಂದೇ. ಇಲ್ಲಿಂದ ಮೊದಲ ಮರಿ ಹಾರಿಹೋದದ್ದು 1938ರಲ್ಲಿ. ಬಹಳಷ್ಟು ಜನ ಬಿಸಿಲು ಚೆನ್ನಾಗಿದೆಯೆಂದು ಗಾಳಿ ಬೀಸದ ದಿನ ಹೋಗಿ, ಹುಲ್ಲಿನ ಮೇಲೆ ಕುಳಿತ ಬಿಳಿ ಚುಕ್ಕೆಗಳನ್ನಷ್ಟೇ ನೋಡಿ ಮರಳುತ್ತಾರೆ. ಸುಮಾರು ಮೂರು ಮೀಟರ್ ರೆಕ್ಕೆಯಗಲದ ಆ ಹಕ್ಕಿಗೆ ಮೇಲೇಳಲು ಗಾಳಿ ಬೇಕು. ಛತ್ರಿ ಮಗುಚುವಂಥ ದಿನ ಹೋಗಿ. ತಲೆಯ ಮೇಲಿಂದ ಅದು ರೆಕ್ಕೆ ಬಡಿಯದೆ ಹಾದುಹೋಗುವಾಗ ಗಾಳಿಯನ್ನು ಸೀಳುವ ಸದ್ದು ಕಿವಿಗೆ ಕೇಳಿಸುತ್ತದೆ.

ಕೃತ್ತಿಕೆ (ಉತ್ತರ):

ಮರಾಯೆಯ ಬಗ್ಗೆ ನಾನು ಹೇಳುತ್ತೇನೆ. ಕರೆಯಿಲ್ಲದೆ ಅಲ್ಲಿಗೆ ಹೋಗುವ ರೂಢಿಯಿಲ್ಲ. ನಿಮಗೆ ಕರೆ ಬಂದಿರುವುದರಿಂದ ಆ ಚಿಂತೆ ಬೇಡ. ಸ್ವಾಗತದ ವಿಧಿಗೆ ಪೋಫಿರಿ ಎನ್ನುತ್ತಾರೆ. ನೀವೆಲ್ಲ ಬಾಗಿಲ ಹೊರಗೆ ಗುಂಪಾಗಿ ನಿಂತಿರುತ್ತೀರಿ. ಒಳಗಿನಿಂದ ಹೆಂಗಸೊಬ್ಬರು ಎತ್ತರದ ದನಿಯಲ್ಲಿ ನಿಮ್ಮನ್ನೂ, ನಿಮ್ಮೊಂದಿಗೆ ನಿಮ್ಮ ಗತಿಸಿದ ಹಿರಿಯರನ್ನೂ ಕರೆಯುತ್ತಾರೆ. ಆ ಕೂಗಿಗೆ ನಿಮ್ಮ ಕಡೆಯ ಹೆಂಗಸೊಬ್ಬರು ಉತ್ತರಿಸಿದ ಮೇಲೆ ಎಲ್ಲರೂ ನಿಧಾನವಾಗಿ ನಡೆಯಬೇಕು, ನಡುವೆ ತುಸು ನಿಲ್ಲಬೇಕು. ನಾನು ಮೊದಲ ಸಲ ಅಲ್ಲಿ ನಿಂತಾಗ, ತೀರಿಕೊಂಡಿದ್ದ ಅಜ್ಜಿ ತಾನಾಗಿಯೇ ನೆನಪಾದರು. ಭಾಷೆ ಒಂದಿಷ್ಟೂ ಅರ್ಥವಾಗಿರಲಿಲ್ಲ.

ಭಾಷಣಗಳಾದ ಮೇಲೆ ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸಿ ಉಸಿರು ಹಂಚಿಕೊಳ್ಳುವ ಹೊಂಗಿ, ಅನಂತರ ಊಟ. ಸಭಾಗೃಹಕ್ಕೆ ಚಪ್ಪಲಿ ಬಿಟ್ಟು ಹೋಗುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮೇಜಿನ ಮೇಲೆ ಕೂರಬಾರದು, ತಲೆದಿಂಬಿನ ಮೇಲೂ ಕೂರಬಾರದು. ತಲೆ ಅವರಿಗೆ ಪವಿತ್ರ. ಚಳಿಗಾಲದವರೆಗೆ ಇರುವವರಾದ್ದರಿಂದ ಮತಾರಿಕಿಯನ್ನೂ ಬಿಡಬೇಡಿ. ನಮ್ಮ ಕೃತ್ತಿಕೆಯೇ ಅವರ ಮತಾರಿಕಿ. ಮುಂಜಾನೆ ಅದು ಮತ್ತೆ ಮೂಡುವುದೇ ಹೊಸ ವರ್ಷದ ಗುರುತು. 2022ರಿಂದ ಅದಕ್ಕೆ ದೇಶವ್ಯಾಪಿ ರಜೆಯಿದೆ.

ಉಪ್ಪುಗಾಳಿ (ಉತ್ತರ):

ತೀತೀ ದ್ವೀಪಗಳಿಗೆ ಹೋಗುವ ಆಸೆಯನ್ನು ಬಿಟ್ಟುಬಿಡಿ. ಕೇಳಿ ಸಹೋದ್ಯೋಗಿಯನ್ನು ಮುಜುಗರಕ್ಕೆ ಸಿಲುಕಿಸಲೂಬೇಡಿ. ಏಪ್ರಿಲ್ 1ರಿಂದ ಮೇ 31ರವರೆಗೆ ಮರಿಗಳನ್ನು ಹಿಡಿಯುವ ಹಕ್ಕು ರಾಕಿಯುರಾ (ಸ್ಟುವರ್ಟ್ ದ್ವೀಪದ ಮಾವೊರಿ ಹೆಸರು) ಮಾವೊರಿ ವಂಶದವರಿಗೆ ಸೇರಿದ್ದು, 1864ರಲ್ಲಿ ಸ್ಟುವರ್ಟ್ ದ್ವೀಪವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟಾಗಲೂ ಅವರು ಉಳಿಸಿಕೊಂಡ ಹಕ್ಕು ಅದು. ನಮ್ಮ ಕುತೂಹಲಕ್ಕಾಗಿ ಸಡಿಲಿಸುವಂಥದ್ದಲ್ಲ. ಅವರು ಮರಳಿ ಬಂದ ಮೇಲೆ ಕಥೆ ಕೇಳಿ. ಕಡಲ ಪಾಚಿಯ ದೊಡ್ಡ ಎಲೆಯನ್ನು ಚೀಲದಂತೆ ಉಬ್ಬಿಸಿ, ಅದರಲ್ಲಿ ಹಕ್ಕಿಯನ್ನು ಅದರದೇ ಕೊಬ್ಬಿನಲ್ಲಿ ತುಂಬಿಡುವ ಪೋಹಾ ಎಂಬ ಪದ್ಧತಿಯನ್ನು ಅವರ ಬಾಯಿಂದಲೇ ಕೇಳಬೇಕು.

ದಕ್ಷಿಣವಾಸಿ:

ಮೂವರಿಗೂ ಧನ್ಯವಾದಗಳು. ಸಹೋದ್ಯೋಗಿಯನ್ನು ಕೇಳುವುದಿಲ್ಲ. ಒಂದೇ ಸಂದೇಹ ಉಳಿದಿದೆ: ನಮ್ಮ ಕಡೆಯವರ ಭಾಷಣದ ನಂತರ ನಾವೆಲ್ಲರೂ ಎದ್ದು ಹಾಡಬೇಕೆಂದು ಮಗಳು ಹೇಳುತ್ತಾಳೆ. ಇದು ನಿಜವೇ?

ಕೃತ್ತಿಕೆ:

ನಿಜ. ಭಾಷಣ ಮಾಡಿದವರ ಬೆನ್ನಿಗೆ ನಿಂತು ಹಾಡುವುದು ಅತಿಥಿಗಳ ಪಾಲಿನ ಕೆಲಸ. ಶಾಲೆಯವರು ಮಕ್ಕಳಿಗೆ ಒಂದು ಮಾವೊರಿ ಹಾಡನ್ನು ಈಗಾಗಲೇ ಕಲಿಸಿರಬಹುದು. ಮಗಳ ಬಳಿ ಕುಳಿತು ಕಲಿತುಕೊಳ್ಳಿ, ಉಚ್ಚಾರವನ್ನು ಅವಳೇ ತಿದ್ದಲಿ.