ಖಾಲಿ ಕುರ್ಚಿ, ಮೊಳೆಗೆ ಕೊಡೆ: ಪೆನ್ಸಿಲ್ ಸ್ಕೆಚ್ಚಿನ ಅರ್ಥ ಹುಡುಕುವುದು ಹೇಗೆ?

ಮಾಟುಂಗ_ಓದುಗ:
ಎ4 ಕಾಗದದ ಮೇಲೊಂದು ಪೆನ್ಸಿಲ್ ಸ್ಕೆಚ್. ಮುಂಬಯಿಯ ಗಿರಗಾಂವ್ ಕಡೆಯ ಚಾಳಿನ (ಸಾಲು ಕೋಣೆಗಳ ವಠಾರ) ಗ್ಯಾಲರಿ, ಅಂದರೆ ಕೋಣೆಗಳ ಮುಂದಿನ ಉದ್ದ ಪಡಸಾಲೆ, ಮರದ ಕಟಕಟೆ, ಖಾಲಿ ಕುರ್ಚಿ, ಮೊಳೆಗೆ ನೇತುಹಾಕಿದ ಮಡಚಿದ ಕೊಡೆ. ಹೊರಗೆ ಮಳೆಯ ಗೆರೆಗಳು. ಕನ್ನಡ ಬಳಗದಲ್ಲಿ ಇದರ ಬಗ್ಗೆ ಹತ್ತು ನಿಮಿಷ ಮಾತಾಡಬೇಕಿದೆ. ಕುರ್ಚಿ ಅಂದರೆ ಅಗಲಿಕೆ, ಕೊಡೆ ಅಂದರೆ ಆಸರೆ ಎಂದರೆ ಸಾಕೇ? ಬಲ್ಲವರು ತಿಳಿಸಿ.

ಗೆರೆಗಣ್ಣು:
ಸಾಲದು. ಆ ಪಟ್ಟಿ ಯಾವ ಚಿತ್ರಕ್ಕೂ ಅಂಟುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿ ಎರಡು ನಿಮಿಷ ನೋಡಿ. ವಸ್ತುಗಳ ಹೆಸರು ಮರೆತು ಬರೀ ಕಪ್ಪು ಬಿಳುಪು ಕಾಣತೊಡಗುತ್ತದೆ. ಕಡುಗಪ್ಪು ಮತ್ತು ಖಾಲಿ ಬಿಟ್ಟ ಕಾಗದ ಎಲ್ಲಿ ತಾಗುತ್ತವೋ ಅಲ್ಲಿಗೇ ಕಣ್ಣು ಮೊದಲು ಓಡುವುದು. ಅದು ಕುರ್ಚಿಯಲ್ಲಿದ್ದರೆ ಖಾಲಿತನದ ಮಾತಿಗೆ ಆಧಾರವಿದೆ. ಕಟಕಟೆಯ ಆಚೆಗಿದ್ದರೆ ಚಿತ್ರದ ಗಮನ ಮಳೆಯ ಮೇಲೆ.

ಆಮೇಲೆ ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ, ಕಾಗದದ ಮಟ್ಟಕ್ಕೇ ಹಿಡಿಯಿರಿ. ಒತ್ತಿ ಎಳೆದ ಗೆರೆ ಸಣ್ಣ ಕಾಲುವೆಯಂತೆ ಎದ್ದು ಕಾಣುತ್ತದೆ. ರಬ್ಬರು ಗ್ರಾಫೈಟನ್ನು (ಪೆನ್ಸಿಲ್ಲಿನ ಕಪ್ಪು ಪುಡಿ) ಎತ್ತುತ್ತದೆ, ತಗ್ಗನ್ನಲ್ಲ. ಕುರ್ಚಿಯ ಬೆನ್ನಿನ ಮೇಲೆ ಅಳಿಸಿದ ಭುಜವೊಂದು ಸಿಕ್ಕರೆ, ಅಲ್ಲಿ ಕೂತವರನ್ನು ಬಿಡಿಸಿದ ಕೈಯೇ ತೆಗೆದಿದೆ. ಆಗ ‘ಅಗಲಿಕೆ’ ಎನ್ನಿ, ಧೈರ್ಯವಾಗಿ. ಇದಕ್ಕೆಲ್ಲ ಮೂಲ ಚಿತ್ರವೇ ಬೇಕು, ಜೆರಾಕ್ಸಿನಲ್ಲಿ ಆಗದು.

ಠಾಣೆ_2ಬಿ:
ಯಾವುದಕ್ಕೆ ಅರ್ಥ ಹಚ್ಚಬಾರದು ಅನ್ನುವುದೂ ಮುಖ್ಯ. ಶೇಡಿಂಗ್ (ನೆರಳು ತುಂಬುವ) ಗೆರೆ ಓರೆಯಾಗಿದೆ ಎಂದು ‘ಮನಸ್ಸಿನ ತಳಮಳ’ ಅನ್ನಬೇಡಿ. ಬಲಗೈಯವರ ಗೆರೆ ಸಹಜವಾಗಿ ಎಡದ ಕೆಳಗಿನಿಂದ ಬಲದ ಮೇಲಕ್ಕೆ ಏರುತ್ತದೆ. ಇಟಲಿಯ ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ಎಡಗೈಯವನು, ಅವನ ಗೆರೆಗಳ ವಾಲು ಇದಕ್ಕೆ ವಿರುದ್ಧ. ಇಡೀ ಚಿತ್ರ ತೆಳುವಾಗಿದ್ದರೆ ಅದು ವಿಷಾದವೇ ಆಗಬೇಕಿಲ್ಲ, ಗಟ್ಟಿ ಕಡ್ಡಿಯ 2ಎಚ್ ಪೆನ್ಸಿಲ್ ಇರಬಹುದು. ಎಚ್ ಪೆನ್ಸಿಲ್ಲಿನಲ್ಲಿ ಜೇಡಿಮಣ್ಣಿನ ಪಾಲು ಹೆಚ್ಚು, ಎಷ್ಟು ಒತ್ತಿದರೂ ಕಡುಗಪ್ಪು ಬರುವುದಿಲ್ಲ. ಮಸುಕು ಕಲೆಗಳು ಬಹುಪಾಲು ಅಂಗೈ ಉಜ್ಜಿದ್ದು.

ಇನ್ನು ಕೊಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಯಾವ ಮನೆ ಬಾಗಿಲಲ್ಲಿ ಕೊಡೆ ಇಲ್ಲ ಹೇಳಿ! ಅದರ ಕೆಳಗಿನ ನೆಲ ನೋಡಿ. ಒದ್ದೆಯಿದ್ದರೆ ಯಾರೋ ಈಗಷ್ಟೇ ಮನೆಗೆ ಬಂದಿದ್ದಾರೆ, ಕುರ್ಚಿ ಅವರಿಗಾಗಿ ಕಾದಿದೆ. ನೆಲ ಒಣಗಿದ್ದರೆ ಈ ಮಳೆಯಲ್ಲಿ ಕೊಡೆ ಹೊರಗೆ ಹೋಗಿಯೇ ಇಲ್ಲ. ಎರಡೂ ಬೇರೆಬೇರೆ ಕಥೆ.

ಪುಣೆ_ರೇಖೆ:
ಒಂದೇ ಮಾತು ಸೇರಿಸುತ್ತೇನೆ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ (1911–1996) ನರ್ತಕಿಯರ ರೇಖಾಚಿತ್ರ ನೋಡಿ. ಕೆಲವೇ ಗೆರೆಗಳ ಓಟದಲ್ಲಿ ಕುಣಿತವಿದೆ. ಸಂಕೇತಕ್ಕೆ ವಸ್ತುವೇ ಬೇಕೆಂದಿಲ್ಲ. ನಿಮ್ಮ ಸ್ಕೆಚ್ಚಿನ ಕೊಡೆಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ. ಚಿತ್ರದ ಭಾವ ಬದಲಾಗದಿದ್ದರೆ ಅದರ ಮೇಲೆ ಮಾತು ಬೆಳೆಸಬೇಡಿ. (ಬೆರಳನ್ನು ತುಸು ಮೇಲೇ ಹಿಡಿಯಿರಿ, ಕಾಗದಕ್ಕೆ ತಾಗಿಸಬೇಡಿ, ಗ್ರಾಫೈಟ್ ಹರಡುತ್ತದೆ.)

ಮಾಟುಂಗ_ಓದುಗ:
ಮೂಲ ಚಿತ್ರವೇ ಇದೆ. ಕೊಡೆಯ ತುದಿಯ ಕೆಳಗೆ ನಾಲ್ಕು ಸಣ್ಣ ಅಡ್ಡಗೆರೆಗಳಿವೆ. ನೆರಳು ಅಂದುಕೊಂಡಿದ್ದೆ.

ಠಾಣೆ_2ಬಿ:
ಕುರ್ಚಿಯ ನೆರಳು ಯಾವ ಕಡೆ ಬಿದ್ದಿದೆ ನೋಡಿ. ಈ ಗೆರೆಗಳೂ ಅತ್ತಲೇ ಚಾಚಿದ್ದರೆ ನೆರಳು. ತುದಿಯ ನೇರ ಕೆಳಗೇ ನೆಲಕ್ಕೆ ಅಂಟಿಕೊಂಡಿದ್ದರೆ ನೀರು.