ಬ್ಲಾಗ್ ಬರೆಯುವ ಮಹಿಳೆಯರ ಸಮಾವೇಶದಲ್ಲಿ ಕಸೂತಿಯ ಬಗ್ಗೆ ಮಾತನಾಡಬಹುದೇ?

ಪ್ರಶ್ನೆ: ಕಸೂತಿಯವಳು, ಗದಗ

ಎಲ್ಲರಿಗೂ ನಮಸ್ಕಾರ. ಅಂತರ್ಜಾಲದಲ್ಲಿ ಬ್ಲಾಗ್ ಬರೆಯುವ ಮಹಿಳೆಯರ ಒಂದು ದಿನದ ಸಮಾವೇಶ ಬರುವ ತಿಂಗಳು ಧಾರವಾಡದಲ್ಲಿ ನಡೆಯಲಿದ್ದು, ಅಲ್ಲಿ ಹದಿನೈದು ನಿಮಿಷ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕರೆದಿದ್ದಾರೆ. ಕೆಲವು ವರ್ಷಗಳಿಂದ ನಾನು ಕಸೂತಿಯೊಂದರ ಬಗ್ಗೆಯೇ ಬರೆಯುತ್ತ ಬಂದಿದ್ದೇನೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕೂ ಹೊಲಿಗೆಗಳನ್ನು ಫೋಟೊಗಳೊಂದಿಗೆ ಹಂತ ಹಂತವಾಗಿ ವಿವರಿಸುವುದು, ಹಳೆಯ ಇಳಕಲ್ ಸೀರೆಗಳ ಮೇಲಿನ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆಗಳ ಎಳೆ ಎಣಿಸಿ ಗ್ರಾಫ್ ಹಾಳೆಯ ಮೇಲೆ ಇಳಿಸುವುದು, ಓದುಗರು ಎಲ್ಲಿ ಸಿಕ್ಕಿಹಾಕಿಕೊಂಡರೋ ಅಲ್ಲಿಂದ ಮತ್ತೆ ಬಿಡಿಸಿ ಬರೆಯುವುದು, ಇಷ್ಟೇ ನನ್ನ ಬರವಣಿಗೆ.

ಸಂಘಟಕರು ಕೊಟ್ಟಿರುವ ವಿಷಯ ‘ಅಂತರ್ಜಾಲ ಬರವಣಿಗೆ ಮತ್ತು ಮಹಿಳೆ’ ಎಂದಿದೆ. ವೇದಿಕೆಯ ಮೇಲೆ ನನ್ನ ಜೊತೆಗೆ ಕತೆ, ಕವಿತೆ, ವಿಮರ್ಶೆ ಬರೆಯುವವರು ಇರುತ್ತಾರೆ. ಅವರ ನಡುವೆ ಸೂಜಿ ದಾರದ ಮಾತು ಎತ್ತಿದರೆ ವಿಷಯ ಬಿಟ್ಟು ಮಾತನಾಡಿದಂತೆ ಆಗುವುದೇ, ಅಥವಾ ಕೊಟ್ಟ ವಿಷಯವನ್ನೇ ಹಿಡಿದು ಮಹಿಳೆಯರ ಬರವಣಿಗೆಯ ಬಗ್ಗೆ ಒಟ್ಟಾರೆಯಾಗಿ ನಾಲ್ಕು ಮಾತು ಹೇಳಿ ಇಳಿಯುವುದು ಒಳ್ಳೆಯದೇ ಎಂಬುದು ನನ್ನ ಮೊದಲ ಪ್ರಶ್ನೆ. ನಾನು ತೆಗೆದ ಫೋಟೊಗಳನ್ನು, ಅವುಗಳ ಕೆಳಗಿನ ವಿವರಣೆಯ ಸಾಲುಗಳ ಸಮೇತ, ಬೇರೊಬ್ಬರು ತಮ್ಮ ವಿಡಿಯೊದಲ್ಲಿ ನನ್ನ ಹೆಸರು ಹೇಳದೆ ಬಳಸಿಕೊಂಡಿದ್ದಾರೆ. ಇದನ್ನು ಅಲ್ಲಿ ಪ್ರಸ್ತಾಪಿಸಬಹುದೇ ಎಂಬುದು ಎರಡನೆಯದು. ನಮ್ಮ ಗದಗಿನ ಮಾತಿನಲ್ಲಿಯೇ ಮಾತನಾಡಿದರೆ ನಡೆಯುತ್ತದೆಯೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ: ಮಾಳಮಡ್ಡಿಯ ಓದುಗಿ, ಧಾರವಾಡ

ಅಕ್ಕಾವರೇ, ಕಸೂತಿಯ ಬಗ್ಗೆಯೇ ಮಾತನಾಡಿರಿ. ಇದರಲ್ಲಿ ಎರಡನೆಯ ಯೋಚನೆಯೇ ಬೇಡ. ಕೊಟ್ಟ ವಿಷಯಕ್ಕೆ ನಿಮ್ಮ ಕೆಲಸದಷ್ಟು ನೇರವಾದ ಉತ್ತರ ಆ ದಿನ ಬೇರೆ ಸಿಗಲಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಜಾಗ ತುಂಬುತ್ತದೆ, ಒಂದು ಜಾಗ ಬಿಡುತ್ತದೆ. ಮರಳಿ ಬರುವಾಗ ಬಿಟ್ಟ ಜಾಗಗಳನ್ನು ತುಂಬಿಕೊಂಡು ಬಂದು ಹೊರಟಲ್ಲಿಗೇ ಮುಟ್ಟುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವ ರೂಢಿಯಿಲ್ಲ, ಬಟ್ಟೆ ತಿರುಗಿಸಿ ನೋಡಿದರೆ ಎರಡೂ ಬದಿ ಒಂದೇ ಆಗಿರಬೇಕು. ಅಂದರೆ ಗೋಪುರದ ತುದಿಗೆ ಸೂಜಿ ಏರುವ ಮುಂಚೆಯೇ ಇಳಿಯುವ ದಾರಿ ಮನಸ್ಸಿನಲ್ಲಿ ಗಟ್ಟಿಯಾಗಿರಬೇಕು. ಮುರ್ಗಿಯಲ್ಲಿ ಇದೇ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ನಡೆಯುವುದರಿಂದ ಲೆಕ್ಕ ಇನ್ನಷ್ಟು ಬಿಗಿ. ಮಗ್ಗುಲಲ್ಲಿ ಕೂರಿಸಿಕೊಂಡು ಕೈಯಿಂದ ತೋರಿಸಿದರೆ ಹುಡುಗಿಯೊಬ್ಬಳಿಗೆ ಇದು ತಿಳಿಯುತ್ತದೆ. ಆದರೆ ಎಂದೂ ನೋಡದ, ಎಲ್ಲೋ ದೂರದಲ್ಲಿರುವ ಓದುಗಿಗೆ ಬರೀ ಬರವಣಿಗೆಯಿಂದ ಇದನ್ನು ತಿಳಿಸುವುದೆಂದರೆ ಸಾಮಾನ್ಯ ಕೆಲಸವಲ್ಲ. ನಮ್ಮ ಕಡೆ ಕಸೂತಿಯನ್ನು ತಲೆಮಾರುಗಳಿಂದ ಹೆಂಗಸರು ಕಲಿತದ್ದೂ ಕಲಿಸಿದ್ದೂ ಬಹುಮಟ್ಟಿಗೆ ಕೈಯಿಂದ ಕೈಗೆ. ಅದಕ್ಕೆ ನೀವು ಕನ್ನಡದಲ್ಲಿ ವಾಕ್ಯಗಳನ್ನು ಹುಡುಕುತ್ತಿದ್ದೀರಿ. ಅದು ಅಂತರ್ಜಾಲ ಬರವಣಿಗೆಯಲ್ಲದೆ ಮತ್ತೇನು? ಮಹಿಳೆಯ ವಿಷಯವಲ್ಲದೆ ಮತ್ತೇನು?

ಆದ್ದರಿಂದ ಹದಿನೈದು ನಿಮಿಷದಲ್ಲಿ ಕಸೂತಿಯ ಇತಿಹಾಸವನ್ನು ಪೂರ್ತಿ ಹೇಳಲಿಕ್ಕೆ ಹೋಗಬೇಡಿರಿ. ನಿಮ್ಮ ಒಂದೇ ಒಂದು ಲೇಖನವನ್ನು ಎತ್ತಿಕೊಳ್ಳಿರಿ. ಅದನ್ನು ಮೊದಲು ಹೇಗೆ ಬರೆದಿದ್ದಿರಿ, ಓದಿದವರು ಎಲ್ಲಿ ದಾರಿ ತಪ್ಪಿದರು, ಅವರು ಕೇಳಿದ ಮೇಲೆ ಯಾವ ಸಾಲನ್ನು ಬದಲಿಸಿದಿರಿ, ಎಷ್ಟನೇ ಎಳೆಯಲ್ಲಿ ಫೋಟೊ ತೆಗೆಯುವುದು ಸರಿ ಎಂದು ಹೇಗೆ ನಿರ್ಧರಿಸಿದಿರಿ ಎಂಬುದನ್ನು ಹೇಳಿರಿ. ಸಭೆಯಲ್ಲಿ ಕುಳಿತವರೆಲ್ಲ ಯಾವುದಾದರೊಂದು ವಿಷಯದ ಬಗ್ಗೆ ಬರೆಯುವವರೇ ಆಗಿರುತ್ತಾರೆ. ಒಬ್ಬರು ಅಡಿಗೆಯ ಬಗ್ಗೆ, ಇನ್ನೊಬ್ಬರು ಮಕ್ಕಳ ಓದಿನ ಬಗ್ಗೆ, ಮತ್ತೊಬ್ಬರು ಹೊಲದ ಬಗ್ಗೆ ಬರೆಯುತ್ತಿರಬಹುದು; ಬರೆದದ್ದನ್ನು ತಿದ್ದುವ ಈ ಕ್ರಮ ಅವರೆಲ್ಲರಿಗೂ ಬೇಕಾಗುವಂಥದು.

ಮಾತಿನ ಬಗ್ಗೆ ಚಿಂತೆ ಬೇಡ. 1950ರಲ್ಲಿ ಆಕಾಶವಾಣಿ ಕೇಂದ್ರ ಬಂದ ಊರಿದು. ನಮ್ಮ ಕಡೆಯ ಮಾತನ್ನು ಮೈಕಿನಲ್ಲಿ ಕೇಳಿ ಇಲ್ಲಿಯವರಿಗೆ ರೂಢಿಯಿದೆ. ಮನೆಯಲ್ಲಿ ಹೇಗೆ ವಿವರಿಸುತ್ತೀರೋ ಹಾಗೆಯೇ ವಿವರಿಸಿರಿ. ಮೊದಲ ಎರಡು ವಾಕ್ಯ ಮತ್ತು ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಬರೆದಿಟ್ಟುಕೊಂಡರೆ ಸಾಕು.

ಉತ್ತರ: ವಿದ್ಯಾನಗರದವ, ಹುಬ್ಬಳ್ಳಿ

ಮೇಡಂ, ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ಸಭೆಗಳಲ್ಲಿ ಪರದೆ ಮತ್ತು ಗಣಕದ ವ್ಯವಸ್ಥೆ ನೋಡಿಕೊಳ್ಳುವವನಾದ್ದರಿಂದ ಆ ಭಾಗವನ್ನಷ್ಟೇ ಹೇಳುತ್ತೇನೆ.

ನಿಮ್ಮ ಸ್ಲೈಡುಗಳಲ್ಲಿ ಕನ್ನಡ ಅಕ್ಷರಗಳಿದ್ದರೆ ಅವು ಯುನಿಕೋಡಿನಲ್ಲಿಯೇ ಇರಲಿ. ‘ಬರಹ’ ಮತ್ತು ‘ನುಡಿ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣಿಸುತ್ತದೆ. ಭಾಷಣಕಾರರು ವೇದಿಕೆ ಏರಿದ ಮೇಲೆ ಇದು ಗೊತ್ತಾದರೆ ಯಾರೂ ಏನೂ ಮಾಡಲಾಗುವುದಿಲ್ಲ. ಯುನಿಕೋಡಿನಲ್ಲಿ ಸಿದ್ಧಪಡಿಸಿ, ಪಿಡಿಎಫ್ ಮಾಡಿ, ಹಿಂದಿನ ದಿನವೇ ಸಂಘಟಕರಿಗೆ ಕಳುಹಿಸಿರಿ. ಒಂದು ಪ್ರತಿ ಪೆನ್ ಡ್ರೈವಿನಲ್ಲಿ, ಒಂದು ಫೋನಿನಲ್ಲಿ ಇರಲಿ. ಕಪ್ಪು ಚಂದ್ರಕಾಳಿ ಸೀರೆಯ ಫೋಟೊಗಳಿದ್ದರೆ ಅವುಗಳನ್ನು ಸ್ವಲ್ಪ ಬೆಳಗಿಸಿಕೊಳ್ಳಿರಿ, ಏಕೆಂದರೆ ಕಿಟಕಿಯ ಬೆಳಕು ಬೀಳುವ ಸಭಾಂಗಣದ ಪರದೆಯ ಮೇಲೆ ಕಪ್ಪು ಬಟ್ಟೆಯ ಎಳೆಗಳು ಕಾಣುವುದಿಲ್ಲ.

ಫೋಟೊ ನಕಲಿನ ವಿಷಯದಲ್ಲಿ ಕಾನೂನು ಸಾಕಷ್ಟು ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದ, ಫೋಟೊ ತೆಗೆದ ಕ್ಷಣದಿಂದ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಬರಹದ ಮೇಲಿನ ಹಕ್ಕು ಲೇಖಕರ ಜೀವಿತಾವಧಿಯ ನಂತರವೂ 60 ವರ್ಷ ಉಳಿಯುತ್ತದೆ. ಪರಂಪರೆಯಿಂದ ಬಂದ ಗೋಪುರ, ತೇರುಗಳ ವಿನ್ಯಾಸ ಎಲ್ಲರದೂ ಹೌದು, ಅದನ್ನು ಯಾರು ಬೇಕಾದರೂ ಹೊಲಿಯಬಹುದು. ನಿಮ್ಮ ಫೋಟೊ ಮತ್ತು ನಿಮ್ಮ ವಾಕ್ಯಗಳು ಮಾತ್ರ ನಿಮ್ಮವು. ವಿಡಿಯೊ ಹಾಕಿದ ತಾಣಗಳಲ್ಲಿ ಇಂಥ ದೂರು ಸಲ್ಲಿಸುವ ನಮೂನೆ ಇರುತ್ತದೆ. ನಿಮ್ಮ ಲೇಖನದ ದಿನಾಂಕ ಮತ್ತು ಮೂಲ ಫೋಟೊ ಕಡತ ಇಟ್ಟುಕೊಂಡಿದ್ದರೆ ಅದನ್ನು ತುಂಬುವುದು ಕಷ್ಟವಲ್ಲ. ಆದರೆ ಹದಿನೈದು ನಿಮಿಷದ ಭಾಷಣದಲ್ಲಿ ಈ ಜಗಳವನ್ನು ತರಬೇಡಿರಿ ಎಂದು ನನ್ನ ಸಲಹೆ. ಜನ ಕಸೂತಿಯನ್ನು ಮರೆತು ಜಗಳವನ್ನು ನೆನಪಿಟ್ಟುಕೊಳ್ಳುತ್ತಾರೆ.

ಸಮಾವೇಶವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿರಿ. ಒಪ್ಪಿಗೆಯಿಲ್ಲದಿದ್ದರೆ ಈಗಲೇ ತಿಳಿಸಬೇಕು.

ಉತ್ತರ: ನಿವೃತ್ತ ಶಿಕ್ಷಕಿ, ಹಾವೇರಿ

ತಂಗಿ, ನಿನ್ನ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಕಲಿನ ಜಗಳವನ್ನು ಭಾಷಣದಲ್ಲಿ ತರಬೇಡಿರಿ ಎಂಬ ಹುಬ್ಬಳ್ಳಿಯವರ ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ.

ಮಹಿಳೆಯರಿಗೇ ಬೇರೆ ಸಮಾವೇಶ ಏಕೆ ಬೇಕಾಯಿತು ಎಂಬುದನ್ನು ನೋಡು. ಅಮೆರಿಕದಲ್ಲಿ ಬ್ಲಾಗುಗಳು ಹಬ್ಬುತ್ತಿದ್ದ ಕಾಲದಲ್ಲಿ, ಬ್ಲಾಗ್ ಬರೆಯುವ ಮಹಿಳೆಯರು ಎಲ್ಲಿದ್ದಾರೆ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತಿತ್ತು. ಬರೆಯುವವರು ಬೇಕಾದಷ್ಟು ಮಂದಿ ಇದ್ದರು, ಕರೆಯುವವರಿಗೆ ಕಾಣುತ್ತಿರಲಿಲ್ಲ. ಎಲಿಸಾ ಕ್ಯಾಮಹೋರ್ಟ್, ಜೋರಿ ಡೆ ಜಾರ್ಡಿನ್ಸ್, ಲೀಸಾ ಸ್ಟೋನ್ ಎಂಬ ಮೂವರು ಸೇರಿ 2005ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ‘ಬ್ಲಾಗ್‌ಹರ್’ ಎಂಬ ಮೊದಲ ಸಮಾವೇಶ ನಡೆಸಿ ಆ ಪ್ರಶ್ನೆಗೆ ಉತ್ತರ ಕೊಟ್ಟರು. ನಮ್ಮಲ್ಲಿಯೂ ಕಾಯುವುದು ಹೊಸದಲ್ಲ. 1915ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮಹಿಳೆಯೊಬ್ಬರು ಅಧ್ಯಕ್ಷರಾಗಲು 1974ರ ಮಂಡ್ಯ ಸಮ್ಮೇಳನದವರೆಗೆ, ಜಯದೇವಿತಾಯಿ ಲಿಗಾಡೆಯವರವರೆಗೆ, ಕಾಯಬೇಕಾಯಿತು. ನಿಮ್ಮ ಗದಗಿನ 2010ರ ಸಮ್ಮೇಳನಕ್ಕೆ ಗೀತಾ ನಾಗಭೂಷಣ ಅಧ್ಯಕ್ಷರಾಗಿದ್ದರು.

ಹೀಗಿರುವಾಗ, ಮಹಿಳೆಯೊಬ್ಬಳ ಬರವಣಿಗೆಯನ್ನು ಹೆಸರಿಲ್ಲದೆ ಎತ್ತಿಕೊಂಡು ಹೋಗುವುದು ಇಂಥ ಸಭೆಯಲ್ಲಿ ಹೇಳಲೇಬೇಕಾದ ಮಾತು. ಅಡಿಗೆ, ಹೊಲಿಗೆ, ರಂಗೋಲಿ ಬರೆಯುವವರ ಕೆಲಸವನ್ನು ಯಾರೂ ಕೃತಿಯೆಂದು ಎಣಿಸುವುದಿಲ್ಲ. ಆದ್ದರಿಂದಲೇ ಧೈರ್ಯವಾಗಿ ಎತ್ತುತ್ತಾರೆ. ಎತ್ತಿದವರ ಹೆಸರು ಹೇಳಬೇಡ, ವಿಡಿಯೊ ತೋರಿಸಬೇಡ. ಕಾಯ್ದೆಯಲ್ಲಿ ಏನಿದೆ, ದೂರು ಹೇಗೆ ಕೊಡಬೇಕು ಎಂಬುದನ್ನು ಎರಡು ನಿಮಿಷದಲ್ಲಿ ಹೇಳು. ಎದುರಿಗೆ ಕುಳಿತವರಲ್ಲಿ ಇದೇ ಅನ್ಯಾಯ ಅನುಭವಿಸಿ ಸುಮ್ಮನಿದ್ದವರು ಖಂಡಿತ ಇರುತ್ತಾರೆ.

ಇನ್ನೊಂದು ಮಾತು. ಹದಿನೈದು ನಿಮಿಷ ಎಂದರೆ ಹದಿನೈದು ನಿಮಿಷವೇ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಶಾಲು ಹೊದಿಸಿ ಸನ್ಮಾನ ಮಾಡುವುದು ಇವೆಲ್ಲ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ, ಆಗ ನಿರೂಪಕಿ ಬಂದು ಐದು ನಿಮಿಷದಲ್ಲಿ ಮುಗಿಸಿರಿ ಎಂದು ಚೀಟಿ ಕೊಡುತ್ತಾಳೆ. ಏಳು ನಿಮಿಷದ ಭಾಷಣವೊಂದನ್ನೂ ಸಿದ್ಧಮಾಡಿಟ್ಟುಕೋ. ನಿನ್ನ ಮಾತಿನ ನಂತರ ಪ್ರಶ್ನೆಗಳಿಗೆ ಸಮಯ ಇಡಬೇಕೆಂದು ಸಂಘಟಕರಿಗೆ ಈಗಲೇ ಪತ್ರ ಬರೆ. ಇಂಥ ಸಭೆಯಲ್ಲಿ ನಿಜವಾಗಿ ನಡೆಯಬೇಕಾದದ್ದು ಪ್ರಶ್ನೆಗಳೇ, ಆದರೆ ಕತ್ತರಿ ಬೀಳುವುದೂ ಅವುಗಳಿಗೇ ಮೊದಲು. ಬೆಳಗಿನ ಅವಧಿಯಲ್ಲಿ ಮಾತನಾಡಲು ಕೇಳಿಕೊಳ್ಳುವುದು ಇನ್ನೂ ಒಳ್ಳೆಯದು. ಊಟದ ಮೇಲೆ ದೂರದ ಊರಿನವರು ಬಸ್ಸಿನ ಚಿಂತೆಯಿಂದ ಎದ್ದು ಹೋಗುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲದೆ ಧಾರವಾಡಕ್ಕೆ ಬರಬಹುದಾಗಿದೆ, ಆದರೆ ಕತ್ತಲಾಗುವ ಮುಂಚೆ ಮನೆ ಸೇರಬೇಕೆಂಬುದು ತಪ್ಪಿಲ್ಲ.

ಉತ್ತರ: ವಿದ್ಯಾನಗರದವ, ಹುಬ್ಬಳ್ಳಿ

ಟೀಚರ್, ಹೆಸರು ಹೇಳದೆ ಕಾಯ್ದೆ ಮತ್ತು ದೂರಿನ ಕ್ರಮವನ್ನಷ್ಟೇ ಹೇಳುವುದಾದರೆ ನನ್ನ ತಕರಾರಿಲ್ಲ. ದೂರು ಕೊಡುವ ಹಂತಗಳನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡಲು ನಾನು ಸಿದ್ಧ. ಪ್ರತಿ ಮಾಡಿಸಿ ಹಂಚಿದರೆ ಭಾಷಣದ ಸಮಯವೂ ಉಳಿಯುತ್ತದೆ.

ಪ್ರತಿಕ್ರಿಯೆ: ಕಸೂತಿಯವಳು, ಗದಗ

ತಮ್ಮೆಲ್ಲರ ಉತ್ತರಗಳನ್ನು ಓದಿದ ಮೇಲೆ ಸಂಘಟಕರಿಗೆ ಪತ್ರ ಬರೆದೆ. ಬೆಳಗಿನ ಅವಧಿಯಲ್ಲಿ ಮಾತನಾಡಲು, ಹತ್ತು ನಿಮಿಷ ಭಾಷಣಕ್ಕೂ ಐದು ನಿಮಿಷ ಪ್ರಶ್ನೆಗಳಿಗೂ ಇಡಲು ಅವರು ಒಪ್ಪಿದ್ದಾರೆ. ನೇರಪ್ರಸಾರಕ್ಕೆ ನನ್ನ ಒಪ್ಪಿಗೆಯಿದೆ. ಒಂದೇ ಲೇಖನವನ್ನು ಎತ್ತಿಕೊಳ್ಳುವ ಸಲಹೆಯನ್ನು ಹಾಗೆಯೇ ಪಾಲಿಸುತ್ತೇನೆ. ಮುರ್ಗಿಯ ಮೂಲೆ ತಿರುಗುವುದನ್ನು ವಿವರಿಸಿದ ಲೇಖನ ಅದು. ಓದುಗರು ಅತಿ ಹೆಚ್ಚು ಪ್ರಶ್ನೆ ಕೇಳಿದ್ದು, ನಾನು ಅತಿ ಹೆಚ್ಚು ಸಲ ತಿದ್ದಿ ಬರೆದದ್ದು ಅದನ್ನೇ. ಹಾವೇರಿಯ ಅಕ್ಕನವರು ಹೇಳಿದಂತೆ ನಕಲಿನ ಮಾತನ್ನು ಎರಡು ನಿಮಿಷ ಸೇರಿಸುತ್ತೇನೆ. ಹುಬ್ಬಳ್ಳಿಯ ಸರ್, ತಾವು ಹೇಳಿದ ಪುಟವನ್ನು ದಯವಿಟ್ಟು ಬರೆದುಕೊಡಿರಿ. ಪ್ರತಿ ಮಾಡಿಸುವ ಜವಾಬ್ದಾರಿ ನನ್ನದು.

ಒಂದು ಸಂದೇಹ ಉಳಿದಿದೆ. ಫೋಟೊಗಳ ಬದಲು ಅಲ್ಲಿಯೇ ನಾಲ್ಕು ಹೊಲಿಗೆ ಹಾಕಿ, ನನ್ನ ವಾಕ್ಯವನ್ನು ಓದುತ್ತ ಸೂಜಿಯ ದಾರಿ ತೋರಿಸಬೇಕೆಂದಿದೆ. ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಕಾಣುವಂತೆ ಇದನ್ನು ಮಾಡಲು ಸಾಧ್ಯವೇ?

ಉತ್ತರ: ವಿದ್ಯಾನಗರದವ, ಹುಬ್ಬಳ್ಳಿ

ಸಾಧ್ಯವಿದೆ ಮೇಡಂ. ಮೇಜಿನ ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಫೋನಿನ ಕ್ಯಾಮೆರಾ ಕೆಳಮುಖವಾಗಿ ನಿಮ್ಮ ಕೈಯ ಮೇಲೆ ಬರುವಂತೆ ಕಟ್ಟಿ, ಫೋನನ್ನು ಪ್ರೊಜೆಕ್ಟರಿಗೆ ಜೋಡಿಸಿದರೆ ಸೂಜಿಯ ತುದಿಯೂ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಎಳೆ ಸ್ಪಷ್ಟವಾಗಿ ಎಣಿಸಲು ಬರುವ ದಪ್ಪ ನೇಯ್ಗೆಯ ಬಿಳಿ ಬಟ್ಟೆ, ಕೆಂಪು ಅಥವಾ ಕಪ್ಪು ದಾರ ತನ್ನಿರಿ. ಬಟ್ಟೆಯನ್ನು ರಿಂಗಿಗೆ ಬಿಗಿದು, ಅರ್ಧ ಸಾಲು ಮುಂಚೆಯೇ ಹೊಲಿದು ತಂದರೆ ಮರಳುವ ದಾರಿಯನ್ನು ಮಾತ್ರ ಅಲ್ಲಿ ತೋರಿಸಿದರೆ ಸಾಕು. ಸಭಾಂಗಣದ ವಿಳಾಸ ತಿಳಿಸಿದರೆ ಹಿಂದಿನ ದಿನ ಸಂಜೆ ಬಂದು ಜೋಡಿಸಿ, ಕೊನೆಯ ಸಾಲಿನಲ್ಲಿ ಕುಳಿತು ನೋಡಿ ಹೋಗುತ್ತೇನೆ.